ಕಿವಿಮೇಸ್ತ್ರಿ ಕೇಳಿಸಿಕೊಂಡ ಸದ್ದು

ಆ ಮನೆಯ ಮುಂದೆ ನಿಂತು ಯಾರ ಸುದ್ದಿಯನ್ನೂ ಆಡಬೇಡಿ ಅಂತ ಕಂಪನಿ ಕ್ವಾರ್ಟರ್ಸಿಗೆ ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು. ಅಲ್ಲಿ ಕಿವಿಮೇಸ್ತ್ರಿ ಇದ್ದಾನೆ, ಮೂರನೇ ಮಹಡಿಯಲ್ಲಿ ನೀವು ಮನಸ್ಸಿನೊಳಗೇ ಬೈದುಕೊಂಡರೂ ನೆಲಮಹಡಿಯಲ್ಲಿ ಕೂತವನಿಗೆ ಕೇಳಿಸುತ್ತದೆ. ಹೆಂಡತಿ ಅಡುಗೆಗೆ ಉಪ್ಪು ಹಾಕಿದ ಸದ್ದಿನಲ್ಲೇ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಿಬಿಡುತ್ತಾನಂತೆ. ಹೀಗೆ ಹೇಳಿ ನಗುತ್ತಿದ್ದರು. ಮೇಲಿನ ಮನೆಯ ಪೇಂಟರನ ಹೆಂಡತಿ ಮಾತ್ರ ನಗುತ್ತಿರಲಿಲ್ಲ. "ಅಂಥ ಕಿವಿ ಇರೋನ ಜೊತೆ ಬಾಳೋದು ಅಂದ್ರೆ ತಮಾಷೆ ಅಲ್ಲ. ಪಾಪ, ಆ ಹೆಂಗಸು ನಿಟ್ಟುಸಿರನ್ನೂ ನುಂಗಿಕೊಂಡು ಬದುಕಬೇಕು" ಅನ್ನುತ್ತಿದ್ದಳು.

ಪೇಂಟರನ ಹೆಂಡತಿಯ ಮರುಕ ದಾರಿ ತಪ್ಪಿತ್ತು. ಆದರೆ ಅದನ್ನು ಆಮೇಲೆ ಹೇಳಬೇಕು. ಮೊದಲು ಅವನ ಕೆಲಸ.

ಆನೆಗಾತ್ರದ, ಒಳಗೆಲ್ಲ ಚರ್ಮ ಹೊದಿಸಿದ ಐಷಾರಾಮಿ ಗಾಡಿಗಳನ್ನು ಮಾರುವ ಕಂಪನಿ ಅದು. ಆ ಗಾಡಿ ಕೊಂಡವರಿಗೆಲ್ಲ ಒಂದೇ ಕಾಯಿಲೆ ಅಂಟಿಕೊಳ್ಳುತ್ತಿತ್ತು. ಗಾಜು ಏರಿಸಿದರೆ ಒಳಗೆ ಎಷ್ಟು ನಿಶ್ಶಬ್ದವೆಂದರೆ, ಸಾಸಿವೆ ಬಿದ್ದರೂ ಕಲ್ಲು ಬಿದ್ದ ಹಾಗೆ ಕೇಳಿಸುತ್ತಿತ್ತು. ಹಾಗಾಗಿ ಸರ್ವಿಸ್ ಸೆಂಟರಿಗೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಸದ್ದಿನವೇ. ಹಿಂದಿನ ಸೀಟಿನಲ್ಲಿ ಯಾರೋ ಕಡಲೆ ಅಗಿದ ಹಾಗೆ ಆಗುತ್ತೆ ಅಂತ ಒಬ್ಬರು, ಚಾವಣಿಯಲ್ಲಿ ಇಲಿ ಸಂಸಾರ ಹೂಡಿದೆ ಅಂತ ಇನ್ನೊಬ್ಬರು. ಇಂಥವರ ಪಕ್ಕದಲ್ಲಿ ಕೂತು, ಸರ್ವಿಸ್ ಸೆಂಟರಿನ ಹಿಂದಿನ ರಸ್ತೆಯಲ್ಲಿ ಎರಡು ಸುತ್ತು ಹೋಗಿ, ಸದ್ದು ಬಂದ ಕಡೆಗೆ ಬೆರಳೆತ್ತಿ ತೋರಿಸುವುದೇ ಮೇಸ್ತ್ರಿಯ ಕೆಲಸ. ಒಮ್ಮೆ ಒಬ್ಬ ಕಂಟ್ರಾಕ್ಟರು ಇಳಿಜಾರಿನಲ್ಲಿ ಗಾಡಿ ನರಳುತ್ತದೆ ಅಂತ ತಂದಿದ್ದರು. ಮೇಸ್ತ್ರಿ ಸೀಟಿನ ಕಂಬಿಯೊಳಗೆ ಕೈ ಹಾಕಿ ಒಂದು ಲಿಪ್‌ಸ್ಟಿಕ್ ಎತ್ತಿ ಕೊಟ್ಟ. ಕಂಟ್ರಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಮನೆಯವಳದ್ದಲ್ಲ. ಕಾರ್ಡಿನಲ್ಲಿ ಬೋಲ್ಟ್ ಸಡಿಲ ಇತ್ತು ಅಂತ ಬರ್ಕೊಳ್ಳಿ" ಅಂದರು. ಮೇಸ್ತ್ರಿ ಹಾಗೇ ಬರೆದ.

ಸುತ್ತು ಮುಗಿದ ಮೇಲೆ ಜಾಬ್ ಕಾರ್ಡಿನಲ್ಲಿ ಅವನು ಬರೆಯಲೇಬೇಕಾದದ್ದು ಒಂದೇ ಪದ. 'ಕೇಳಿಸಿತು' ಅಥವಾ 'ಕೇಳಿಸಲಿಲ್ಲ'. ಕೇಳಿಸಿತು ಅಂದರೆ ಗಾಡಿಯನ್ನು ಮೇಲೆತ್ತಿ ಬಿಚ್ಚುತ್ತಾರೆ. ಒಂದೇ ಥರದ ಸದ್ದು ಒಂದು ವರ್ಷದಲ್ಲಿ ಮೂರು ಸಲ ಕೇಳಿಸಿತು ಅಂದರೆ ಕಾರ್ಖಾನೆಗೆ ಪತ್ರ ಹೋಗುತ್ತದೆ. ಅಲ್ಲಿ ದೋಷ ನಿಜವೆಂದು ಕಂಡರೆ ಮಾರಿದ ಗಾಡಿಗಳನ್ನೆಲ್ಲ ವಾಪಸ್ ಕರೆಸಿ ಸರಿಮಾಡಿಕೊಡಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ಆ ಮಾತೆತ್ತಿದರೆ ಕಂಪನಿಯ ದೊಡ್ಡವರಿಗೆ ಮೈಯೆಲ್ಲ ಉರಿ. ಕೇಳಿಸಲಿಲ್ಲ ಅಂದರೆ ಏನೂ ಇಲ್ಲ. ಗಾಡಿ ತೊಳೆದು, ಒಳಗೆ ಸುಗಂಧ ಹೊಡೆದು, ಕೈಮುಗಿದು ಕಳಿಸುತ್ತಾರೆ.

ಇಪ್ಪತ್ತು ವರ್ಷ ಈ ಕೆಲಸ ಹೂವೆತ್ತಿದ ಹಾಗೆ ನಡೆಯಿತು. ಒಂದು ದಿನ ಮಧ್ಯಾಹ್ನ, ಡ್ರೈವರೊಬ್ಬನ ಪಕ್ಕದಲ್ಲಿ ಕೂತಿದ್ದಾಗ, ಮೇಸ್ತ್ರಿ ಮುಂದಿನ ಫಲಕದಲ್ಲಿ ಹಸಿರು ಬಾಣ ಮಿನುಗುವುದನ್ನು ಕಂಡ. "ಇಂಡಿಕೇಟರಿನ ಟಿಕ್‌ಟಿಕ್ ಕೆಟ್ಟಿದೆಯಲ್ಲಪ್ಪ" ಅಂದ. ಡ್ರೈವರು ಅವನ ಮುಖವನ್ನೇ ನೋಡಿದ. "ಟಿಕ್‌ಟಿಕ್ ಅಂತಲೇ ಇದೆಯಲ್ಲ ಮೇಸ್ತ್ರಿ." ಮೇಸ್ತ್ರಿ ಗಟ್ಟಿಯಾಗಿ ನಕ್ಕು, ಪರೀಕ್ಷೆ ಮಾಡಿದೆ ಕಣೋ ಅಂದ. ಅಂಗಿಯೆಲ್ಲ ಬೆವರಿನಲ್ಲಿ ಒದ್ದೆಯಾಗಿತ್ತು.

ದಪ್ಪ ಸದ್ದುಗಳು ಇನ್ನೂ ಇದ್ದವು. ಧಡ್ ಅನ್ನುವುದು, ಗುಡುಗುವುದು, ಗಂಡಸರ ಗಂಟಲು. ಹೋದದ್ದು ತೆಳ್ಳಗಿನ ಸದ್ದು ಮಾತ್ರ. ಆಮೇಲೆ ವರ್ಷದಿಂದ ವರ್ಷಕ್ಕೆ ಬೇರೆಯವೂ ಒಂದೊಂದಾಗಿ ಕಾಲ್ತೆಗೆದವು. ಮಾತು ಕೂಡ, ಎದುರಿಗೆ ನಿಂತು ತುಟಿ ತೋರಿಸಿ ಆಡಿದರೆ ಉಂಟು, ಇಲ್ಲವಾದರೆ ಇಲ್ಲ.

ಹೆಂಡತಿಗೆ ಮಾತ್ರ ಹೇಳಿದ. ಅವಳು ಅಳಲಿಲ್ಲ, ಡಾಕ್ಟರ ಮಾತೂ ಎತ್ತಲಿಲ್ಲ.

"ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಕೆಲಸ ಹೋದ್ರೆ ಮನೆ ಎಷ್ಟು ದಿನದಲ್ಲಿ ಬಿಡಬೇಕು?"

"ಹತ್ತು."

"ಹಾಗಾದ್ರೆ ನಿಮಗೆ ಏನೂ ಆಗಿಲ್ಲ" ಅಂದಳು.

ಮೂರು ದಿನ ಯೋಚಿಸಿ ಅವಳೇ ದಾರಿ ಹುಡುಕಿದಳು. ಸದ್ದು ಕೇಳಿ ರೋಸಿಹೋದ ಮನುಷ್ಯ ಮತ್ತೆ ಆ ಸದ್ದು ಬಂದಾಗ ಮುಖ ಸುಮ್ಮನೆ ಇಟ್ಟುಕೊಳ್ಳಲಾರ. ಕಣ್ಣು ಚೂರು ಕಿರಿದಾಗುತ್ತದೆ, ದವಡೆ ಬಿಗಿಯುತ್ತದೆ. "ನೀವು ಕಿವಿ ಮರೆತುಬಿಡಿ. ಮುಖ ನೋಡಿ ಬೆರಳೆತ್ತಿ. ಸದ್ದು ಎಲ್ಲಿಂದ ಅಂತ ಅವರ ಕಣ್ಣೇ ತಿರುಗಿ ಹೇಳುತ್ತೆ." ಊಟದ ಮೇಜಿನ ಎದುರು ಬದುರು ಕೂತು ಪಾಠ ಶುರುವಾಯಿತು. ಮೇಜಿನ ಕೆಳಗೆ ಸ್ಟೀಲ್ ತಟ್ಟೆ ಹಿಡಿದು ಅವಳು ಗುಂಡುಸೂಜಿ ಬೀಳಿಸುತ್ತಿದ್ದಳು, ಇವನು ಅವಳ ಮುಖ ನೋಡಿ ಬೆರಳೆತ್ತಬೇಕು. ಬೇಕೆಂದೇ ಸುಳ್ಳು ಮುಖ ಮಾಡಿ ಬಲೆ ಹಾಕುತ್ತಿದ್ದಳು. ತಪ್ಪಿದರೆ ಅವತ್ತು ಚಹಾ ಇಲ್ಲ. "ಈ ವಯಸ್ಸಲ್ಲಿ ನನ್ನ ಮುಖ ನೋಡೋದು ಕಲಿತ್ರಿ, ಮದುವೆಯಾದ ಹೊಸದರಲ್ಲಿ ಕಲಿತಿದ್ರೆ ಎಷ್ಟೋ ಜಗಳ ತಪ್ತಿತ್ತು" ಅಂತ ಚುಚ್ಚುತ್ತಿದ್ದಳು.

ವಿದ್ಯೆ ಕೈಗೂಡಿತು. ಕೈಗೂಡಿದ್ದಷ್ಟೇ ಅಲ್ಲ, ಅವನ ಹೆಸರು ಇಮ್ಮಡಿಯಾಯಿತು. ನಾವು ಬಾಯಿ ಬಿಡೋ ಮುಂಚೆ ಬೆರಳೆತ್ತುತ್ತಾರೆ ಅಂತ ಗಾಡಿಯವರು ಬೆರಗಾಗುತ್ತಿದ್ದರು. ಕಂಪನಿಯ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ನರ್ಸು ಕಿವಿಗೆ ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದಾಗ, ಅವಳ ಬೆರಳ ಮೇಲೇ ಕಣ್ಣಿಟ್ಟು ಕೈಯೆತ್ತಿದ. ಪಾಸಾದೆ ಅಂತಲೇ ಅಂದುಕೊಂಡ. ಮ್ಯಾನೇಜರಂತೂ ಅವನನ್ನು ಕಂಡರೆ ಎದುರಿಗೆ ಬಂದು ನಿಂತು, ಬಿಡಿಸಿ ಬಿಡಿಸಿ ಮಾತಾಡಿಸುತ್ತಿದ್ದರು. "ಬೇರೆಯವರನ್ನ ಬಾಗಿಲಲ್ಲೇ ನಿಂತು ಕೂಗ್ತಾರೆ, ನನ್ನ ಹತ್ರ ಹಾಗಲ್ಲ. ಎಷ್ಟು ಮರ್ಯಾದೆ ನೋಡು" ಅಂತ ಹೆಂಡತಿಗೆ ಹೇಳಿಕೊಂಡು ಹಿಗ್ಗುತ್ತಿದ್ದ.

ಕಿವಿ ಹೋದ ಆರನೇ ವರ್ಷದಲ್ಲಿ ಜಡ್ಜಮ್ಮ ಬಂದರು.

ನಿವೃತ್ತಿಯಾದ ನ್ಯಾಯಾಧೀಶೆ. ಮದುವೆಯಾದವರಲ್ಲ. ತಾಯಿ ಸತ್ತ ಮೇಲೆ ಎತ್ತಿ ಬೆಳೆಸಿದ ಅಕ್ಕನೇ ಅವರಿಗೆ ಮನೆ ಮಠ ಎಲ್ಲ. ಅಕ್ಕನಿಗೆ ಮಂಡಿ ಮಡಚಲು ಆಗದು. ಈ ಗಾಡಿಯ ಬಾಗಿಲು ತೆರೆದರೆ ಒಂದು ಮೆಟ್ಟಿಲು ತಾನಾಗಿ ಕೆಳಗಿಳಿದು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಇದನ್ನು ಕೊಂಡಿದ್ದರು. ದಿನಾ ಬೆಳಿಗ್ಗೆ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಎಡಗಡೆ ಕೂರಿಸಿಕೊಂಡು ಒಂದು ತಾಸು ಸುತ್ತಾಡಿಸುತ್ತಿದ್ದರು. ಅಕ್ಕ ಗಾಡಿ ಹೊರಟ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದರು.

ಜಡ್ಜಮ್ಮನ ದೂರು ಸ್ಪಷ್ಟವಾಗಿತ್ತು, ತಮ್ಮ ಕೈಯಾರೆ ಬರೆದು ತಂದಿದ್ದರು. ಎಡಕ್ಕೆ ತಿರುಗಿಸುವಾಗ ಸ್ಟೀರಿಂಗಿನ ಬುಡದಲ್ಲಿ, ಚಮಚ ಗಾಜಿನ ಲೋಟಕ್ಕೆ ತಾಗಿದ ಹಾಗೆ, ಎರಡು ಸಲ.

ಮೇಸ್ತ್ರಿ ಅವರ ಪಕ್ಕದಲ್ಲಿ ಕೂತ. ಎಡಕ್ಕೆ ತಿರುಗಿದರು. ಮುಖ ನೋಡಿದ. ಏನೂ ಇಲ್ಲ. ಮತ್ತೆ ಎಡಕ್ಕೆ. ರೆಪ್ಪೆಯೂ ಅಲುಗಲಿಲ್ಲ. ಮೂವತ್ತು ವರ್ಷ ಪೀಠದಲ್ಲಿ ಕೂತು, ಯಾವ ಕಕ್ಷಿ ಗೆಲ್ಲುತ್ತಾನೆ ಅನ್ನುವುದು ಎದುರಿನ ವಕೀಲರಿಗೆ ಗೊತ್ತಾಗದ ಹಾಗೆ ಮುಖ ಇಟ್ಟುಕೊಂಡು ಬಂದ ಹೆಂಗಸು. ಸದ್ದು ಬಂದಾಗ 'ಇಗೋ, ಈಗ' ಅಂತಲೂ ಅನ್ನಲಿಲ್ಲ. ಸಾಕ್ಷಿಯ ಬಾಯಲ್ಲಿ ಉತ್ತರ ಇಡಬಾರದು ಅನ್ನುವುದು ಅವರ ಪದ್ಧತಿ. ಮೇಸ್ತ್ರಿ ತಾನಾಗಿ ಕೇಳಿಸಿಕೊಂಡು ತಾನಾಗಿ ಹೇಳಲಿ ಅಂತ ಕಾದರು. ಮೇಸ್ತ್ರಿ ಅವರ ಮುಖಕ್ಕಾಗಿ ಕಾದ. ಹೀಗೆ ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾದು, ಎರಡು ಸುತ್ತು ಮುಗಿಯಿತು. ಅವನು 'ಕೇಳಿಸಲಿಲ್ಲ' ಅಂತ ಬರೆದ.

ಎರಡು ತಿಂಗಳಲ್ಲಿ ನಾಲ್ಕು ಸಲ ಬಂದರು. ನಾಲ್ಕನೇ ಸಲ ಗಾಡಿ ನಿಲ್ಲಿಸಿ, ಅವನ ಕಡೆಗೆ ತಿರುಗಿ ಕೂತರು.

"ನಿಮಗೆ ನಿಜವಾಗಲೂ ಏನೂ ಕೇಳಿಸಲಿಲ್ವಾ?"

"ಇದ್ದಿದ್ರೆ ಕೇಳಿಸ್ತಿತ್ತಮ್ಮ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ."

"ಹಾಗಾದ್ರೆ ನನಗೇ ಏನೋ ಆಗಿದೆ ಅಂತೀರಿ."

"ವಯಸ್ಸಾದ ಮೇಲೆ ಒಳಗೇ ಸದ್ದು ಹುಟ್ಟುತ್ತಮ್ಮ. ತಪ್ಪು ತಿಳೀಬೇಡಿ. ಒಂದ್ಸಲ ಒಳ್ಳೆ ಕಿವಿ ಡಾಕ್ಟರಿಗೆ ತೋರಿಸಿ."

ಜಡ್ಜಮ್ಮ ನ್ಯಾಯವಾದ ಮನಸ್ಸಿನವರು. ತಜ್ಞರು ನಾಲ್ಕು ಸಲ ಒಂದೇ ಮಾತು ಹೇಳಿದ ಮೇಲೆ ತಮ್ಮ ಕಿವಿಯನ್ನೇ ಅನುಮಾನಿಸಿದರು. ಡಾಕ್ಟರ ಹತ್ತಿರ ಹೋದರು. ಡಾಕ್ಟರು ವಯಸ್ಸಿಗೆ ಇದೆಲ್ಲ ಸಹಜ ಅಂದು ಮಾತ್ರೆ ಬರೆದುಕೊಟ್ಟರು. ದಿನಾ ಮಾತ್ರೆ ನುಂಗಿ, ದಿನಾ ಆ ಸದ್ದು ಕೇಳಿ, ಅದು ಇಲ್ಲ ಅಂತ ತಮಗೆ ತಾವೇ ಹೇಳಿಕೊಂಡು ಗಾಡಿ ಓಡಿಸಿದರು.

ನಲವತ್ತು ದಿನದ ಮೇಲೆ, ಬೆಳಿಗ್ಗೆ ಹತ್ತೂವರೆ ಹೊತ್ತಿಗೆ, ನೀರಿನ ಟ್ಯಾಂಕಿನ ಹತ್ತಿರ ತಿರುವಿನಲ್ಲಿ ಸ್ಟೀರಿಂಗಿನ ಬುಡದ ಜಾಯಿಂಟು ಕಳಚಿತು. ಕೈಯಲ್ಲಿದ್ದ ಚಕ್ರ ಗಿರ್ರನೆ ಬರಿದೇ ತಿರುಗಿತು, ನೆಲದ ಮೇಲಿನ ಚಕ್ರಗಳು ತಮ್ಮ ಪಾಡಿಗೆ ತಾವು ನೇರ ಹೋದವು. ಟ್ಯಾಂಕಿನ ಗೋಡೆ ಎಡಗಡೆಯನ್ನು ಒಳಗೆ ತಳ್ಳಿತು. ಜಡ್ಜಮ್ಮನಿಗೆ ಎರಡು ಪಕ್ಕೆಲುಬು, ಒಂದು ಮಣಿಕಟ್ಟು ಮುರಿಯಿತು. ಅಕ್ಕ ನಿದ್ದೆಯಿಂದ ಏಳಲಿಲ್ಲ.

ಸುದ್ದಿ ಬಂದಾಗ ಮೇಸ್ತ್ರಿ ನಾಲ್ಕೂ ಜಾಬ್ ಕಾರ್ಡು ತೆಗೆದು ನೋಡಿದ. ಮನೆಗೆ ಹೋದ. ಹೆಂಡತಿ ಆಗಲೇ ಕೇಳಿದ್ದಳು. ಅವನ ಎದುರಿಗೆ ಬಂದು ನಿಂತು ಕೇಳಿದಳು.

"ಆ ಸದ್ದು ಇತ್ತಾ?"

"ನನಗೇನು ಗೊತ್ತು" ಅಂದ.

ಸಾರಿಗೆ ಇಲಾಖೆ ವಿಚಾರಣೆಗೆ ಮೂವರನ್ನು ನೇಮಿಸಿತು. ಕಂಪನಿಯ ವಾದ ಚುಟುಕಾಗಿತ್ತು. ಜಾಯಿಂಟು ಕಳಚಿ ಗಾಡಿ ಗುದ್ದಿದ್ದಲ್ಲ, ಗುದ್ದಿದ್ದಕ್ಕೆ ಜಾಯಿಂಟು ಕಳಚಿದ್ದು, ಮೊದಲೇ ದೋಷ ಇದ್ದಿದ್ದರೆ ನಮ್ಮ ತಜ್ಞರಿಗೆ ಒಂದು ಸಲವಾದರೂ ಕೇಳಿಸುತ್ತಿತ್ತು. ಜಡ್ಜಮ್ಮ ಸುಮ್ಮನಾಗಲಿಲ್ಲ. ಆ ತಜ್ಞರ ಕಿವಿಯನ್ನೇ ಪರೀಕ್ಷೆ ಮಾಡಿಸಿ ಅಂತ ಅರ್ಜಿ ಹಾಕಲಿದ್ದಾರೆ ಅನ್ನುವ ಮಾತು ಹೊರಬಿತ್ತು. ಅವತ್ತೇ ಮ್ಯಾನೇಜರು ಮೇಸ್ತ್ರಿಯನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡರು.

"ನಾಳೆ ವಿಚಾರಣೆಯಲ್ಲಿ ಒಂದು ಮಾತು ಹೇಳಿಬಿಡಿ ಮೇಸ್ತ್ರಿ. ನನಗೆ ಕಿವಿ ಕೇಳಿಸಲ್ಲ, ಕಂಪನಿಯಿಂದ ಮುಚ್ಚಿಟ್ಟಿದ್ದೆ ಅಂತ."

"ನನಗೆ ಏನೂ ಆಗಿಲ್ಲ ಸಾರ್. ಚೆನ್ನಾಗೇ ಕೇಳಿಸುತ್ತೆ."

ಮ್ಯಾನೇಜರು ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಆರು ವರ್ಷದ ಹಿಂದಿನ ಕಿವಿ ತಪಾಸಣೆಯ ವರದಿ. ಕೆಳಗೆ ಅವರದೇ ಸಹಿ, ಅದೇ ವಾರದ ತಾರೀಖು.

"ನರ್ಸು ಕೊನೆಯ ಹತ್ತು ಸಲ ಗುಂಡಿ ಒತ್ತಿರಲೇ ಇಲ್ಲ. ಸುಮ್ಮನೆ ಬೆರಳು ಆಡಿಸಿದಳು. ನೀವು ಹತ್ತೂ ಸಲ ಕೈ ಎತ್ತಿದ್ರಿ."

ಮೇಸ್ತ್ರಿ ಹಾಳೆಯನ್ನೇ ನೋಡುತ್ತ ನಿಂತ. "ಗೊತ್ತಿದ್ದೂ ನನ್ನನ್ನ ಯಾಕೆ ಇಟ್ಕೊಂಡ್ರಿ?"

"ನನ್ನ ಕಡೆ ನೋಡಿ, ಆಮೇಲೆ ಕೇಳಿಸಲಿಲ್ಲ ಅನ್ನಬೇಡಿ" ಅಂತ ಮ್ಯಾನೇಜರು ಅವನ ಗಲ್ಲ ಹಿಡಿದು ಮುಖ ಎತ್ತಿದರು. "ಸಣ್ಣ ಸದ್ದು ಕೇಳಿಸದ ಮೇಸ್ತ್ರಿ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು. ಕಿವಿ ನೆಟ್ಟಗಿದ್ದಾಗ ನಿಮಗೆ ಎಲ್ಲಾ ಕೇಳಿಸ್ತಿತ್ತು. ಆಗಿನ ಕೊನೆಯ ಎರಡು ವರ್ಷದಲ್ಲೇ ಎರಡು ಸಲ ಗಾಡಿ ವಾಪಸ್ ಕರೆಸಿದ್ವಿ. ಕಿವಿ ಹೋದ ಈ ಆರು ವರ್ಷದಲ್ಲಿ ಒಂದೂ ಇಲ್ಲ. ಮುಖ ನೋಡಿ ಜಾಗ ತೋರಿಸ್ತಿದ್ರಿ, ಸದ್ದು ಯಾವ ಥರದ್ದು ಅಂತ ನಿಮಗೇ ಗೊತ್ತಿಲ್ಲ, ಹಾಗಾಗಿ ಒಂದೇ ಸದ್ದು ಮೂರು ಸಲ ಅಂತ ಪತ್ರ ಹೋಗಲೇ ಇಲ್ಲ. ಯಾಕೆ ನಿಮ್ಮ ಎದುರಿಗೇ ಬಂದು ನಿಂತು ಮಾತಾಡ್ತಿದ್ದೆ ಅಂದ್ಕೊಂಡ್ರಿ, ನಿಮ್ಮ ಚೆಲುವಿಕೆ ನೋಡೋಕಾ?"

ಹಾಳೆಯನ್ನು ಕಾಗದ ಚೂರು ಮಾಡುವ ಯಂತ್ರಕ್ಕೆ ಕೊಟ್ಟರು. ಅದು ಎಳೆ ಎಳೆಯಾಗಿ ಕೆಳಗಿಳಿಯಿತು.

"ಇದು ಇರಲೇ ಇಲ್ಲ. ಆಕೆ ಪರೀಕ್ಷೆ ಮಾಡಿಸಿ ಹಿಡಿಯೋ ಮುಂಚೆ ನಾಳೆ ನೀವಾಗೇ ಕಿವುಡ ಅಂತ ಒಪ್ಕೊಳ್ಳಿ. ಆಗ ನಾಲ್ಕು ಕಾರ್ಡೂ ಕಸ. ಸದ್ದು ಇತ್ತು ಅಂತ ಆಕೆ ಒಬ್ಬರ ಮಾತು ಬಿಟ್ರೆ ಯಾವ ಆಧಾರವೂ ಉಳಿಯಲ್ಲ. ಗಾಡಿಗೆ ಏನೂ ಅಂಟಲ್ಲ. ಕಿವುಡನಿಗೆ ಯಾರೂ ಶಿಕ್ಷೆ ಕೊಡಲ್ಲ, ಎರಡು ದಿನ ಪೇಪರಿನಲ್ಲಿ ಬರುತ್ತೆ ಅಷ್ಟೆ. ಸ್ಟೋರಿನಲ್ಲಿ ಕೂತು ಡಬ್ಬ ಜೋಡಿಸಿಕೊಂಡಿರಿ. ನಿವೃತ್ತಿವರೆಗೂ ಮನೆ ನಿಮ್ಮದೇ."

ಹೆಂಡತಿಗೆ ಇದನ್ನು ಹೇಳಿದಾಗ ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಆರು ವರ್ಷದಿಂದ ಬಿಗಿಹಿಡಿದ ಉಸಿರು ಅದು. "ಮನೆ ಉಳೀತಲ್ಲ. ಇನ್ನೇನು ಬೇಕು? ಕೂತ್ಕೊಳ್ಳಿ." ಅದೇ ಮೇಜು, ಅದೇ ಎದುರು ಬದುರು. "ಹೇಳಿ ನೋಡೋಣ. ನನಗೆ ಕಿವಿ ಕೇಳಿಸಲ್ಲ."

"ನಾಳೆ ಹೇಳ್ತೀನಿ ಬಿಡು."

"ಈಗ ಹೇಳಿ. ನಾಳೆ ಬಾಯಿ ಕಟ್ಟುತ್ತೆ."

"ನನಗೆ ಕಿವಿ ಸ್ವಲ್ಪ ಮಂದ."

"ಸ್ವಲ್ಪ ಅಲ್ಲ. ಮಂದ ಅಲ್ಲ. ಕೇಳಿಸಲ್ಲ. ಹೇಳ್ರೀ."

ಅವನು ಎದ್ದ. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದ.

ಮೇಸ್ತ್ರಿ ಕಿವುಡನಂತೆ, ಸ್ಟೋರಿಗೆ ಹಾಕುತ್ತಾರಂತೆ ಅನ್ನುವ ಮಾತು ಸ್ಟೋರಿನಿಂದ ಆಗಲೇ ಹಬ್ಬಿತ್ತು. ಅಂಗಳದ ಕಟ್ಟೆಯ ಮೇಲೆ ನಾಲ್ಕೈದು ಜನ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು, ಪೇಂಟರನ ಹೆಂಡತಿಯೂ ಒಬ್ಬಳು. ಸ್ಟೋರ್‌ಕೀಪರು ಅವನ ಹಿಂದಿನಿಂದ ಬರುತ್ತಿದ್ದ. ಮೇಸ್ತ್ರಿ ನಡೆಯುತ್ತಿದ್ದ ಹಾಗೆ ಕಟ್ಟೆಯ ಮೇಲಿನವರ ಮುಖ ಒಟ್ಟಿಗೇ ಅರಳಿತು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ. ಪೇಂಟರನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿದಳು, ಭುಜ ಕುಲುಕುತ್ತಿತ್ತು. ಅವಳು ಅವನ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು. ಸ್ಟೋರ್‌ಕೀಪರು ಬೆನ್ನ ಹಿಂದೆ ಏನಂದ ಅನ್ನುವುದು ಮೇಸ್ತ್ರಿಗೆ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಮುಖ ಓದುವ ವಿದ್ಯೆಯಲ್ಲಿ ಅವನನ್ನು ಮೀರಿಸಿದವರು ಆ ಊರಿನಲ್ಲಿ ಯಾರಿದ್ದರು? ತಿರುಗಿ ನೋಡಿದ. ಸ್ಟೋರ್‌ಕೀಪರು ಆಕಾಶ ನೋಡುತ್ತ ನಿಂತಿದ್ದ. ಮತ್ತೆ ನಡೆದ. ಮತ್ತೆ ಎದುರಿನ ಮುಖಗಳು ಅರಳಿದವು. ಹೀಗೆ ಗೇಟಿನ ತನಕ ಮೂರು ಸಲ ಆಡಿಸಿದರು.

ಮಾರನೇ ದಿನ ವಿಚಾರಣೆ. ಉದ್ದನೆಯ ಮೇಜು, ಅದರ ಹಿಂದೆ ಮೂವರು ಅಧಿಕಾರಿಗಳು, ಮುಚ್ಚಳ ಮುಚ್ಚಿದ ನೀರಿನ ಲೋಟಗಳು. ಒಂದು ಪಕ್ಕದಲ್ಲಿ ಮ್ಯಾನೇಜರು ಮತ್ತು ಕಂಪನಿಯ ವಕೀಲರು. ಇನ್ನೊಂದು ಪಕ್ಕದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಜಡ್ಜಮ್ಮ. ಹೆಂಡತಿ ಹಿಂದಿನ ಬೆಂಚಿನಲ್ಲಿದ್ದಳು. ಮೇಸ್ತ್ರಿ ಕೂರುವ ಮೊದಲೇ, ಉತ್ತರ ತಪ್ಪಾಗಬಾರದು, ಪ್ರಶ್ನೆಗಳನ್ನು ಬರೆದು ಕೊಟ್ಟರೆ ಓದಿ ಉತ್ತರಿಸುತ್ತೇನೆ ಅಂತ ಕೇಳಿಕೊಂಡ. ಎಷ್ಟು ಜವಾಬ್ದಾರಿ ಮನುಷ್ಯ ಅನ್ನಿಸಿ ಅಧಿಕಾರಿಗಳು ಒಪ್ಪಿದರು.

ಮೊದಲ ಚೀಟಿ ಬಂತು. ಈ ಗಾಡಿಯಲ್ಲಿ ದೂರುದಾರರು ಹೇಳುವ ಸದ್ದು ನಿಮಗೆ ಕೇಳಿಸಿತ್ತೇ?

"ಕೇಳಿಸಿತ್ತು" ಅಂದ ಮೇಸ್ತ್ರಿ.

ಮ್ಯಾನೇಜರು ಅರ್ಧ ಎದ್ದು ಕೂತರು. ಹಿರಿಯ ಅಧಿಕಾರಿ ಚೀಟಿ ಮರೆತು ಬಾಯಲ್ಲೇ ಕೇಳಿದರು. ನೇರವಾಗಿ ಮುಖ ನೋಡಿ ಕೇಳಿದ್ದರಿಂದ ಅದು ಅವನಿಗೆ ತಿಳಿಯಿತು.

"ಏನು ಕೇಳಿಸಿತ್ತು?"

"ಎಡಕ್ಕೆ ತಿರುಗಿದಾಗ, ಸ್ಟೀರಿಂಗ್ ಬುಡದಲ್ಲಿ. ಚಮಚ ಗಾಜಿನ ಲೋಟಕ್ಕೆ ತಾಗಿದ ಹಾಗೆ. ಎರಡು ಸಲ." ಅದು ದೂರಿನ ಕಾಗದದಲ್ಲಿದ್ದ ಮಾತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇನ್ನೂ ನಂಬಿಕೆ ಬರಲಿ ಅಂತ ಒಂದು ಮಾತು ತಾನೇ ಸೇರಿಸಿದ. "ನಾಲ್ಕನೇ ಸಲ ಬಂದಾಗ ಜೋರಾಗಿತ್ತು. ಎರಡಲ್ಲ, ಮೂರು ಸಲ ಬಡೀತಿತ್ತು."

ಹೀಗೆ ಹೇಳುವಾಗ ಅವನ ಕಣ್ಣು ಅಭ್ಯಾಸಬಲದಿಂದ ಜಡ್ಜಮ್ಮನ ಮುಖದ ಮೇಲಿತ್ತು. ಆ ಮುಖ ಅಲುಗಿತು. ತುಟಿ ಒಡೆಯಿತು, ಕಣ್ಣು ತುಂಬಿತು, ತಲೆ ತಾನಾಗಿ ಹೌದು ಅಂತ ಆಡಿತು. ಮೂರು ಸಲ. ಹೌದು, ಮೂರು ಸಲ. ಆರು ವರ್ಷದ ವಿದ್ಯೆಯಲ್ಲಿ ಅವನು ಓದಿದ ಮುಖಗಳಲ್ಲೇ ಅಷ್ಟು ಸ್ಪಷ್ಟವಾದ ಮುಖ ಇನ್ನೊಂದಿರಲಿಲ್ಲ. ಆ ಸದ್ದು ನಿಜವಾಗಿ ಇತ್ತು ಅನ್ನುವುದು ಮೇಸ್ತ್ರಿಗೆ ಗೊತ್ತಾಗಿದ್ದು ಆ ಕ್ಷಣ. ಹಿರಿಯ ಅಧಿಕಾರಿ ಎರಡನೇ ಚೀಟಿ ಅವನ ಮುಂದೆ ಸರಿಸಿದರು.

"ಕೇಳಿಸಿದ ಮೇಲೆ ಕೇಳಿಸಲಿಲ್ಲ ಅಂತ ಯಾಕೆ ಬರೆದಿರಿ?"

ಇದಕ್ಕೆ ಅವನು ಉತ್ತರ ಹೊಂದಿಸಿಕೊಂಡು ಬಂದಿರಲಿಲ್ಲ. "ಬರೀಬೇಕು ಅನ್ನಿಸಲಿಲ್ಲ" ಅಂದ.

ಜಡ್ಜಮ್ಮ ಎದ್ದು ನಿಂತು, ಒಂದು ಪ್ರಶ್ನೆಗೆ ಅವಕಾಶ ಕೇಳಿದರು. ಮುಖ ಮತ್ತೆ ಮೊದಲಿನ ಹಾಗೇ ಮುಚ್ಚಿಕೊಂಡಿತ್ತು.

"ನೀವು ನನ್ನನ್ನ ಕಿವಿ ಡಾಕ್ಟರ ಹತ್ತಿರ ಕಳಿಸಿದ್ರಿ. ನಾನು ಹೋದೆ. ನಲವತ್ತು ದಿನ ಮಾತ್ರೆ ತಿಂದೆ. ಅದೇ ನಲವತ್ತು ದಿನ ಅಕ್ಕನ್ನ ಹಿಂದೆ ಕೂರಿಸಿಕೊಂಡು ಓಡಿಸಿದೆ. ಕೇಳಿಸಿಯೂ ಕಳಿಸಿದ್ರಾ?"

"ಹೌದಮ್ಮ."

"ಸಾಕು" ಅಂದು ಕೂತರು. ಮತ್ತೆ ಅವನ ಕಡೆ ನೋಡಲಿಲ್ಲ.

ಮ್ಯಾನೇಜರಿಗೆ ಬಾಯಿ ಬಿಡುವ ಹಾಗಿರಲಿಲ್ಲ. ಇವನು ಕಿವುಡ ಅಂತ ಕಂಪನಿಯವರೇ ಹೇಳಿದರೆ, ನಿಮಗೆ ಎಂದಿನಿಂದ ಗೊತ್ತು ಅನ್ನುವ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ಚೂರಾದ ಹಾಳೆಯ ಇನ್ನೊಂದು ಪ್ರತಿ ಆಸ್ಪತ್ರೆಯಲ್ಲಿ ಇದ್ದರೂ ಇರಬಹುದು. ಜಡ್ಜಮ್ಮ ಕಿವಿ ಪರೀಕ್ಷೆಯ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರು, ಇನ್ನು ಅದರ ಅವಶ್ಯಕತೆ ಏನಿತ್ತು? ಕಂಪನಿಯ ತಜ್ಞನೇ ಅಪಘಾತಕ್ಕೆ ಮೊದಲು ಸದ್ದು ಕೇಳಿದ್ದಾನೆ, ಅಂದಮೇಲೆ ದೋಷ ಮೊದಲೇ ಇತ್ತು ಅಂತ ತೀರ್ಮಾನವಾಯಿತು. ಹನ್ನೊಂದು ಸಾವಿರ ಗಾಡಿಗಳನ್ನು ವಾಪಸ್ ಕರೆಸಿದರು. ಬಿಚ್ಚಿ ನೋಡಿದರೆ ಆರುನೂರಕ್ಕೂ ಹೆಚ್ಚು ಗಾಡಿಗಳಲ್ಲಿ ಅದೇ ಜಾಯಿಂಟು ಇವತ್ತೋ ನಾಳೆಯೋ ಅನ್ನುವ ಸ್ಥಿತಿಯಲ್ಲಿತ್ತು. ಆ ಆರುನೂರು ಗಾಡಿಗಳಲ್ಲಿ ಎಷ್ಟು ಜನ ಹತ್ತಿ ಇಳಿಯುತ್ತಿದ್ದರೋ, ಅವರ್ಯಾರೂ ಮೇಸ್ತ್ರಿಯನ್ನು ನೆನೆಯಲಿಲ್ಲ. ನೆನೆದವರು ಹಿಡಿಶಾಪ ಹಾಕಿದರು. 'ಬರೀಬೇಕು ಅನ್ನಿಸಲಿಲ್ಲ' ಅನ್ನುವ ಮಾತನ್ನು ಪೇಪರುಗಳು ದಪ್ಪಕ್ಷರದಲ್ಲಿ ಹಾಕಿದವು. ನ್ಯಾಯಾಲಯ ಎರಡೂವರೆ ವರ್ಷ ಸಜೆ ಕೊಟ್ಟು, ಶರಣಾಗಲು ಹನ್ನೆರಡು ದಿನ ಬಿಟ್ಟಿತು. ಕಂಪನಿ ಕೆಲಸದಿಂದ ತೆಗೆದು, ಮನೆ ಬಿಡಲು ಹತ್ತು ದಿನ ಕೊಟ್ಟಿತು. ಮ್ಯಾನೇಜರಿಗೆ ಬೇರೆ ಊರಿಗೆ ವರ್ಗವಾಯಿತು, ಬಡ್ತಿಯ ಮೇಲೆ.

ಅಂಗಳದಲ್ಲಿ ಈಗ ಯಾರೂ ಅವನ ಬೆನ್ನ ಹಿಂದೆ ಆಟ ಆಡುತ್ತಿರಲಿಲ್ಲ. ಎದುರಿಗೇ ಉಗಿಯುತ್ತಿದ್ದರು. "ಕಿವಿ ಏನೋ ಬಂಗಾರದ್ದೇ, ಎದೆ ಕಲ್ಲು" ಅಂತ ಪೇಂಟರನ ಹೆಂಡತಿ ಬಟ್ಟೆ ಒಣಗಿಸುತ್ತ ಅವನಿಗೆ ಕಾಣುವ ಹಾಗೇ ಅಂದಳು. ಮೊದಲಿನ ಅರ್ಧ ಮಾತು ಅವಳ ತುಟಿಯ ಮೇಲೆ ಕಂಡಾಗ ಮೇಸ್ತ್ರಿಯ ಮುಖ ಒಂದು ಚಣ ಬೆಳಗಿತು. ಹೆಂಡತಿ ಕಿಟಕಿಯಿಂದ ಅದನ್ನು ನೋಡಿದಳು. ಅವಳು ಅವತ್ತೇ ತನ್ನ ಅಕ್ಕನ ಮನೆಗೆ ಹೊರಟಳು.

"ನಿಮಗೆ ಮುಖ ನೋಡೋದು ಕಲಿಸಿದೆ. ನನ್ನ ಮುಖ ಒಂದ್ಸಲ ನೋಡಬಹುದಿತ್ತು" ಅಂದಳು. "ಹಿಂದಿನ ಬೆಂಚಲ್ಲೇ ಇದ್ದೆ. ಕಿವುಡ ಅಂದಿದ್ರೆ ನಮ್ಮನೇಲಿ ಕಿವುಡನ ಹೆಂಡತಿಯಾಗಿ ಇರ್ತಿದ್ದೆ. ಈಗ ಅಕ್ಕನ ಮನೇಲಿ ಕೊಲೆಗಡುಕನ ಹೆಂಡತಿಯಾಗಿ ಪಾತ್ರೆ ತೊಳೀಬೇಕು. ಯಾತಕ್ಕೆ ಅಂದ್ರೆ ಅಂಗಳದೋರು ನಕ್ಕರು ಅಂತ."

"ಮೂರು ಸಲ ಆಡಿಸಿದ್ರು ಕಣೆ" ಅಂದ ಮೇಸ್ತ್ರಿ.

ಹತ್ತನೇ ದಿನ ಬೆಳಿಗ್ಗೆ ಅವಳು ಸಾಮಾನು ಒಯ್ಯಲು ಭಾವನ ಟೆಂಪೋ ತಂದಳು. ಉಳಿದ ಎರಡು ದಿನ ಎಲ್ಲಿರುತ್ತೀರಿ ಅಂತ ಯಾರೂ ಕೇಳಲಿಲ್ಲ. ಮೇಸ್ತ್ರಿಯೂ ಕೇಳುವವರಿಗೆ ಕಾಯದೆ, ಎರಡು ದಿನ ಮುಂಚೆಯೇ ಹೋಗಿ ಶರಣಾಗುವುದು ಅಂತ ನಿರ್ಧರಿಸಿದ್ದ. ಕಪಾಟಿನ ಒಂದು ತುದಿ ಅವನು, ಇನ್ನೊಂದು ತುದಿ ಭಾವ ಹಿಡಿದು ಹೊರಗೆ ಸಾಗಿಸಿದರು. ಕಂಪನಿಯ ಗುಮಾಸ್ತ ಪಟ್ಟಿ ಹಿಡಿದು ಕೋಣೆಯಿಂದ ಕೋಣೆಗೆ ತಿರುಗಿ ಬಲ್ಬು, ನಲ್ಲಿ, ಚಿಲಕಗಳಿಗೆಲ್ಲ ಗುರುತು ಹಾಕುತ್ತಿದ್ದ. ಪರದೆಯ ಸರಳು ಯಾರದ್ದು ಅನ್ನುವುದರ ಮೇಲೆ ಅವನಿಗೂ ಮೇಸ್ತ್ರಿಯ ಹೆಂಡತಿಗೂ ಜಗಳ ಹತ್ತಿತು.

ಮೇಸ್ತ್ರಿ ಅಂಗಳದ ನಲ್ಲಿಯಲ್ಲಿ ಕೈ ತೊಳೆದು ಬಂದು, ಎರಡು ಜೊತೆ ಬಟ್ಟೆ ತುಂಬಿದ ಚೀಲ ಎತ್ತಿಕೊಂಡ. ಹೆಂಡತಿ ಸರಳನ್ನು ಕಂಕುಳಲ್ಲಿ ಅವುಚಿಕೊಂಡೇ ಅವನಿಗೆ ಅಡ್ಡ ಬಂದು ನಿಂತಳು. ನಿಧಾನವಾಗಿ, ತುಟಿ ಬಿಡಿಸಿ ಬಿಡಿಸಿ ಹೇಳಿದಳು.

"ಜೈಲಲ್ಲಾದ್ರೂ ಕಿವಿ ಕೇಳಿಸಲ್ಲ ಅಂತ ಹೇಳಿ. ಬೆಳಿಗ್ಗೆ ಹೆಸರು ಕೂಗ್ತಾರಂತೆ, ಊಟಕ್ಕೆ ಕೂಗ್ತಾರಂತೆ. ಓಗೊಡದೆ ಇದ್ರೆ ಸೊಕ್ಕು ಅಂತ ಹೊಡೀತಾರೆ. ಹೋದ ತಕ್ಷಣ ಹೇಳಿಬಿಡಿ. ಹೇಳ್ತೀರಾ?"

"ನೋಡೋಣ" ಅಂದ.

"ನೋಡೋಣ ಅಲ್ಲ. ಹೇಳ್ತೀನಿ ಅನ್ನಿ."

ಗುಮಾಸ್ತ ಪಟ್ಟಿಯ ಕೊನೆಗೆ ಸಹಿ ಹಾಕಲು ಪೆನ್ನು ಚಾಚಿದ. ಮೇಸ್ತ್ರಿ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದ, ಬೀಗದ ಕೈ ಕೊಟ್ಟ, ಚೀಲವನ್ನು ಹೆಗಲಿಗೇರಿಸಿಕೊಂಡು ಹೊಸ್ತಿಲು ದಾಟಿದ.